ಹೊರೆ ಹೊತ್ತು ಬೇಟೆ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ವಾರಾಂತ್ಯದ ಚಾರಣದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಜೊತೆಗೊಂದು ಕೋವಿ ಇದ್ದರೆ ಊಟದ ಹೊರೆ ಹೊರಬೇಕಾಗಿಲ್ಲ ಎಂಬ ಅರ್ಥ ಬರುವ ಸಾಲೊಂದು ಅದರ ಕೊನೆಯಲ್ಲಿತ್ತು. ಡೆನ್ವರ್ ಸುತ್ತಮುತ್ತ ಚಾರಣ, ಬೇಟೆ ಎರಡನ್ನೂ ಕೂಡಿಸಿ ಮಾಡುವ ಕನ್ನಡಿಗರಾಗಿ ಇದಕ್ಕೊಂದು ತಿದ್ದುಪಡಿ ಬರೆಯುವುದು ಅಗತ್ಯ ಎನ್ನಿಸಿತು. ಕೋವಿ ಬಂದರೆ ಬೆನ್ನಿನ ಮೇಲೆ ಎರಡೂವರೆ ಕೆಜಿ ಏರುತ್ತದೆ. ಊಟದ ಗಂಟಿನಲ್ಲಿ ಒಂದು ಹಿಡಿ ಅವಲಕ್ಕಿಯೂ ಕಡಿಮೆಯಾಗಬಾರದು. ಹಕ್ಕಿ ಸಿಗದ ದಿನಗಳೇ ಹೆಚ್ಚು. ಏನೂ ಸಿಗುವುದಿಲ್ಲ ಎಂದುಕೊಂಡೇ ಪೂರ್ತಿ ಊಟ ಕಟ್ಟಿಕೊಂಡು ಹೋಗಬೇಕು.

ಮೊದಲು ಊರಿನ ಮಾತು. ಇದನ್ನು ಓದಿ ಕುದುರೆಮುಖಕ್ಕೋ ಬ್ರಹ್ಮಗಿರಿಗೋ ಕೋವಿ ಹೊತ್ತು ಹೊರಡುವ ಯೋಚನೆ ಯಾರಿಗೂ ಬರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ನಮ್ಮಲ್ಲಿ ಮೊಲ, ಕಾಡುಕೋಳಿಯ ಶಿಕಾರಿಯೂ ಅಪರಾಧವೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ ನಿಜ. ವಿನಾಯಿತಿ ಇರುವುದು ಕೋವಿಗೆ, ಬೇಟೆಗಲ್ಲ. ಮುಂದೆ ಬರೆದಿರುವುದೆಲ್ಲ ಅಮೆರಿಕದ ಕೊಲರಾಡೊ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಸರ್ಕಾರವೇ ಋತು, ಲೆಕ್ಕ, ಲೈಸೆನ್ಸ್ ಗೊತ್ತುಮಾಡಿ ಸಣ್ಣ ಬೇಟೆಗೆ ಅವಕಾಶ ಕೊಡುತ್ತದೆ. ಸಣ್ಣ ಬೇಟೆ ಎಂದರೆ ಗ್ರೌಸ್ ಹಕ್ಕಿ, ಮೊಲ, ಅಳಿಲು ಇಂಥವು.

ಎಚ್-1ಬಿ (ಕೆಲಸದ), ಎಚ್-4 (ಅವರ ಸಂಸಾರದ), ಎಫ್-1 (ಓದಿನ) ವೀಸಾದಲ್ಲಿರುವ ನಮ್ಮವರು ಕಾಡಿಗಿಂತ ಮೊದಲು ಎಡವುವುದು ಕಾಗದದಲ್ಲಿ. ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳಬಾರದು ಎಂಬ ನಿಯಮವನ್ನು 1998ರಲ್ಲಿ ಅಮೆರಿಕದ ಕೇಂದ್ರ ಕಾನೂನಿಗೆ ಸೇರಿಸಲಾಯಿತು. ಇದಕ್ಕಿರುವ ಮುಖ್ಯ ವಿನಾಯಿತಿ, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯ ಬೇಟೆ ಲೈಸೆನ್ಸ್. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಗೆಳೆಯನ ಬಂದೂಕನ್ನು ಸುಮ್ಮನೆ ಕೈಗೆ ತೆಗೆದುಕೊಂಡು ಫೋಟೊ ತೆಗೆಸಿಕೊಂಡರೂ, ಜೇಬಿನಲ್ಲಿ ಲೈಸೆನ್ಸ್ ಇಲ್ಲದಿದ್ದರೆ ಅದು ಅಪರಾಧವೆನಿಸಬಹುದು. ಶಿಕ್ಷೆ ಗರಿಷ್ಠ 15 ವರ್ಷ. ವೀಸಾ ಕಥೆ ಅಲ್ಲಿಗೇ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಇಲ್ಲಿ ಹಲವರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಕೊಲರಾಡೊದ ವಾರ್ಷಿಕ ಸಣ್ಣ ಬೇಟೆ ಲೈಸೆನ್ಸ್ ಮಾರ್ಚ್ 1ರಿಂದ ಮರುವರ್ಷದ ಮಾರ್ಚ್ 31ರವರೆಗೆ ನಡೆಯುತ್ತದೆ. ಏಪ್ರಿಲ್ 1ಕ್ಕೆ ಹೊಸದು ಕೈಯಲ್ಲಿ ಇಲ್ಲದಿದ್ದರೆ, ಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಕೋವಿಗೂ ಆ ವಿನಾಯಿತಿ ಇರುವುದಿಲ್ಲ. ಬೇಟೆಗೆ ಹೋಗಲಿ ಬಿಡಲಿ, ಕೋವಿ ಇರುವಷ್ಟು ಕಾಲ ಲೈಸೆನ್ಸ್ ಚಾಲ್ತಿಯಲ್ಲೇ ಇರಬೇಕು. ಗಾಂಜಾ ಕೊಲರಾಡೊದಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಕೇಂದ್ರದ ಕಾನೂನು ಅದನ್ನು ಒಪ್ಪುವುದಿಲ್ಲ. ಸೇದುವವರು ಕೋವಿಯ ತಂಟೆಗೆ ಹೋಗದಿರುವುದು ಒಳ್ಳೆಯದು.

ಲೈಸೆನ್ಸ್ ಪಡೆಯಲು 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆಲ್ಲ ಬೇಟೆ ತರಬೇತಿಯ ಪ್ರಮಾಣಪತ್ರ ಬೇಕು. ಇಂಡಿಯಾದ ಎನ್‌ಸಿಸಿ ಸರ್ಟಿಫಿಕೇಟು, ರೈಫಲ್ ಕ್ಲಬ್ಬಿನ ಕಾರ್ಡು ಯಾವುದೂ ನಡೆಯುವುದಿಲ್ಲ. ಆರು ತಿಂಗಳು ಅಲ್ಲಿ ನೆಲೆಸಿದ್ದರೆ ಸ್ಥಳೀಯರ ದರ, ಇಲ್ಲದಿದ್ದರೆ ಹೊರಗಿನವರ ದರ. ಲೈಸೆನ್ಸ್ ಜೊತೆಗೆ, ಬೇಟೆಯ ಲೆಕ್ಕ ಇಡಲು ಕೊಡುವ ‘ಹಿಪ್’ ಎಂಬ ನೋಂದಣಿ ಸಂಖ್ಯೆಯನ್ನೂ ಪಡೆದು ಅದರ ಮೇಲೆ ಬರೆದುಕೊಳ್ಳಬೇಕು. ಅದು ಪುಕ್ಕಟೆ, ಐದು ನಿಮಿಷದ ಕೆಲಸ. ಪುಕ್ಕಟೆಯೆಂದೇ ಜನ ಮರೆಯುತ್ತಾರೆ. ಅಂಗಡಿಯಲ್ಲಿ ಕೋವಿ ಕೊಳ್ಳಲು 21 ವರ್ಷ ತುಂಬಿರಬೇಕು. 2023ರ ಅಕ್ಟೋಬರ್‌ನಿಂದ ಮೂರು ದಿನ ಕಾಯುವ ನಿಯಮವೂ ಬಂದಿದೆ. ಶುಕ್ರವಾರ ಕೊಂಡು ಶನಿವಾರ ಕಾಡಿಗೆ ಹೋಗುವ ಲೆಕ್ಕ ನಡೆಯದು. ಪಾಸ್‌ಪೋರ್ಟ್, ಐ-94 (ಅಮೆರಿಕ ಪ್ರವೇಶದ ದಾಖಲೆ), ಬೇಟೆ ಲೈಸೆನ್ಸ್, ವಿಳಾಸದ ಪುರಾವೆ ಇವಿಷ್ಟನ್ನೂ ಒಟ್ಟಿಗೆ ಒಯ್ಯಿರಿ.

ಇನ್ನು ಎಲ್ಲಿಗೆ, ಯಾವಾಗ? ಕೊಲರಾಡೊದ ಬೆಟ್ಟಗಳಲ್ಲಿ ಚಾರಣದ ಜೊತೆ ಕೂಡಿಬರುವ ಹಕ್ಕಿ ಡಸ್ಕಿ ಗ್ರೌಸ್. ನಮ್ಮ ಕಾಡುಕೋಳಿಯ ದೂರದ ನೆಂಟ; ಗಂಡು ಒಂದು ಕೆಜಿಗಿಂತ ತುಸು ಹೆಚ್ಚು, ಹೆಣ್ಣು ಅದಕ್ಕಿಂತ ಹಗುರ. ಇದರ ಋತು ಸೆಪ್ಟೆಂಬರ್ 1ಕ್ಕೆ ತೆರೆಯುತ್ತದೆ, ಒಬ್ಬರಿಗೆ ದಿನಕ್ಕೆ ಮೂರು. ಗುಡ್ಡಗಾಡಿನ ಬಿಳಿ ಬಾಲದ ಮೊಲ ಮತ್ತು ಹಿಮಮೊಲದ ಋತು ಅಕ್ಟೋಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಮೊಲ ಕಾಲಬುಡದಲ್ಲೇ ಹಾದುಹೋದರೂ ಅದು ನಿಮ್ಮದಲ್ಲ. ಕ್ಯಾಂಪಿನಲ್ಲಿ ಬೇಯಿಸಿ ತಿಂದ ಹಕ್ಕಿಯೂ ಆ ದಿನದ ಲೆಕ್ಕಕ್ಕೆ ಸೇರುತ್ತದೆ. ಗೆಳೆಯನ ಲೆಕ್ಕದಲ್ಲಿ ನೀವು ಹೊಡೆಯುವ ಹಾಗಿಲ್ಲ.

ಜಾಗಕ್ಕೆ ಉದಾಹರಣೆಯಾಗಿ ಫ್ಲ್ಯಾಟ್ ಟಾಪ್ಸ್ ವನ್ಯಪ್ರದೇಶವನ್ನು ತೆಗೆದುಕೊಳ್ಳಬಹುದು. ವೈಟ್ ರಿವರ್ ಮತ್ತು ರೂಟ್ ರಾಷ್ಟ್ರೀಯ ಅರಣ್ಯಗಳಲ್ಲಿ ಹರಡಿರುವ, ಸುಮಾರು 2,35,000 ಎಕರೆಯ ಎತ್ತರದ ಬಯಲುಗುಡ್ಡ ಅದು. ಅಲ್ಲಿನ ಟ್ರ್ಯಾಪರ್ಸ್ ಲೇಕ್ ದಡದಲ್ಲಿ ಬೇಸಿಗೆ ಮನೆಗಳಿಗೆ ಜಾಗ ಅಳೆಯಲೆಂದು 1919ರಲ್ಲಿ ಅರಣ್ಯ ಇಲಾಖೆ ಕಳಿಸಿದ ಆರ್ಥರ್ ಕಾರ್‌ಹಾರ್ಟ್, ಅಳೆದು ಮುಗಿಸಿ, ಇಲ್ಲಿ ಒಂದು ಮನೆಯೂ ಬೇಡ ಎಂದು ವರದಿ ಕೊಟ್ಟರು. ಇಂದು ಅಮೆರಿಕದ ವನ್ಯಪ್ರದೇಶ ಕಲ್ಪನೆಯ ಬೇರುಗಳಲ್ಲಿ ಅದನ್ನೂ ಒಂದೆಂದು ಎಣಿಸುತ್ತಾರೆ. ವನ್ಯಪ್ರದೇಶ ಎಂದ ಕೂಡಲೇ ಬೇಟೆಗೆ ತಡೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ರಾಷ್ಟ್ರೀಯ ಅರಣ್ಯದೊಳಗಿನ ವನ್ಯಪ್ರದೇಶದಲ್ಲಿ ಬೇಟೆಗೆ ಅವಕಾಶ ಇದೆ, ವಾಹನ ಸೈಕಲ್‌ಗಳಿಗೆ ಇಲ್ಲ. ತಡೆ ಇರುವುದು ರಾಕಿ ಮೌಂಟನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ. ಈ ಎರಡು ಹೆಸರುಗಳ ಗೊಂದಲದಲ್ಲಿ ಗಡಿ ದಾಟಿದರೆ ಕೋವಿ, ಲೈಸೆನ್ಸ್ ಎರಡಕ್ಕೂ ಸಂಚಕಾರ. ಖಾಸಗಿ ಜಮೀನಿಗೆ ಬೇಲಿ, ಫಲಕ ಇಲ್ಲದಿದ್ದರೂ ಮಾಲೀಕರ ಅನುಮತಿ ಬೇಕೇ ಬೇಕು. ಫೋನಿನ ನಕ್ಷೆಯ ಜೊತೆ ಕಾಗದದ ನಕ್ಷೆಯೂ ಇರಲಿ. ಚಳಿಗೆ ಫೋನಿನ ಬ್ಯಾಟರಿ ಮಧ್ಯಾಹ್ನದೊಳಗೇ ಕೂತುಬಿಡುತ್ತದೆ.

ಗ್ರೌಸ್‌ಗೆ ಒಂದು ವಿಚಿತ್ರ ಅಭ್ಯಾಸ ಇದೆ. ಬೇರೆ ಪ್ರಾಣಿಗಳು ಚಳಿಗಾಲಕ್ಕೆ ಕೆಳಗಿಳಿದರೆ ಇದು ಮೇಲೇರುತ್ತದೆ. ಹಿಮದಲ್ಲಿ ಫರ್ ಮರಗಳ ಸೂಜಿ ಎಲೆ ತಿಂದುಕೊಂಡೇ ಬದುಕುತ್ತದೆ. ಸೆಪ್ಟೆಂಬರ್‌ನಲ್ಲಿ ಅದು ಈ ಏರುದಾರಿಯ ನಡುವೆ ಇರುತ್ತದೆ. ಆಸ್ಪೆನ್ ತೋಪು ಮುಗಿದು ಕಡುಹಸಿರು ಫರ್ ಶುರುವಾಗುವ ಅಂಚು, ಹಣ್ಣಿನ ಪೊದೆ, ಮಿಡತೆ ಹಾರುವ ಹುಲ್ಲು, ಬೆಟ್ಟದ ಏಣಿನ ತುದಿ, ಇಂಥ ಕಡೆ ಹುಡುಕಬೇಕು. ಬೆಳಿಗ್ಗೆ ಬಿಸಿಲು ಬಿದ್ದ ಮೇಲಿನ ಎರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ ಒಳ್ಳೆಯ ಹೊತ್ತು. ಮಧ್ಯಾಹ್ನ ಏಣಿನ ಮೇಲೆ ಇರಲೇಬೇಡಿ, ಸಿಡಿಲಿನ ಹೊತ್ತು ಅದು. ಸೇಜ್ ಪೊದೆಗಳ ಬಯಲಿಗೆ ಇಳಿದಿರಾದರೆ ಬೆರಳು ಕೋವಿಯ ಕುದುರೆಯಿಂದ (ಟ್ರಿಗರ್‌ನಿಂದ) ದೂರವಿರಲಿ: ಅಲ್ಲಿರುವುದು ಸೇಜ್ ಗ್ರೌಸ್ ಎಂಬ ಬೇರೆ ಜಾತಿ. ಅದರ ಹೊಟ್ಟೆ ಕಪ್ಪು, ಬಾಲ ಚೂಪು. ಅದರ ಗನ್ನಿಸನ್ ಎಂಬ ತಳಿಯಂತೂ 2014ರಿಂದ ಅಳಿವಿನಂಚಿನ ರಕ್ಷಣೆಯ ಪಟ್ಟಿಯಲ್ಲಿದೆ.

ಈಗ ಹೊರೆ. ಈ ಕಾಗದದ ಮುಖ್ಯ ಮಾತು ಇದೇ. ಬೆನ್ನಿಗೆ ಪೂರ್ತಿ ಚೀಲ ಹೊತ್ತುಕೊಂಡು ದಾರಿಯುದ್ದಕ್ಕೂ ಬೇಟೆಯಾಡುವುದು ಕೆಟ್ಟ ಚಾರಣ, ಅದಕ್ಕಿಂತ ಕೆಟ್ಟ ಬೇಟೆ. ಲೆಕ್ಕ ನೋಡಿ: ಚೀಲವೇ 1.6 ಕೆಜಿ, ಡೇರೆ 1.2, ಮಲಗುವ ಚೀಲ 1, ಚಾಪೆ ಅರ್ಧ, ಒಲೆ ಪಾತ್ರೆ 0.4, ಗ್ಯಾಸ್ ಡಬ್ಬಿ 0.38, ನೀರಿನ ಫಿಲ್ಟರ್ 0.1, ಬಟ್ಟೆ 1.2, ಎರಡು ದಿನದ ಊಟ 1.4, ನೀರು 2, ಕರಡಿ ಡಬ್ಬಿ (ಕರಡಿಗೆ ತೆರೆಯಲಾಗದ ಊಟದ ಡಬ್ಬಿ) 1.16, ಕೋವಿ 2.1, ಐವತ್ತು ತೋಟೆ 0.17, ಚಾಕು ಕೈಗವಸು ಬಟ್ಟೆಚೀಲ 0.25. ಕೂಡಿದರೆ ಹದಿಮೂರೂವರೆ ಕೆಜಿ. ಇಷ್ಟು ಹೊತ್ತವನು 3,000 ಮೀಟರ್ ಎತ್ತರದಲ್ಲಿ ಕಾಲು ನೋಡಿಕೊಂಡು ನಡೆಯುತ್ತಾನೆ, ಹಕ್ಕಿ ನೋಡುವುದಿಲ್ಲ. ಏದುಸಿರಿಗೆ ಗುರಿ ಅಲ್ಲಾಡುತ್ತದೆ. ಗ್ರೌಸ್ ಎದ್ದಾಗ ತಟ್ಟನೆ ತಿರುಗಿದರೆ ಚೀಲದ ತೂಕ ಇನ್ನೊಂದು ಕಡೆಗೆ ಎಳೆಯುತ್ತದೆ. ಹಾಗೆ ಮುಗ್ಗರಿಸುವಾಗ ಕೈಯಲ್ಲಿ ತುಂಬಿದ ಕೋವಿ ಇದ್ದರೆ ಏನಾದೀತು, ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಶನಿವಾರ ಬೆಳಿಗ್ಗೆ ಬರೀ ಚಾರಣ. ಕೋವಿ ಬಿಚ್ಚಿ ಚೀಲದೊಳಗೆ, ತೋಟೆ ಬೇರೆ ಜೇಬಿನಲ್ಲಿ. ಐದಾರು ಕಿಲೋಮೀಟರ್ ನಡೆದು ಹತ್ತು ಹನ್ನೊಂದಕ್ಕೆಲ್ಲ ಡೇರೆ ಹಾಕಿ, ಊಟ ಮಾಡಿ, ಎರಡು ಗಂಟೆ ಅಡ್ಡಾಗಿ. ಡೆನ್ವರ್ 1,600 ಮೀಟರ್‌ನಲ್ಲಿದೆ. ಒಂದೇ ದಿನ ಅದರ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರಕ್ಕೆ ಏರಿದ ದೇಹಕ್ಕೆ ಈ ವಿರಾಮ ಬೇಕು. ತಲೆನೋವು, ವಾಕರಿಕೆ ಶುರುವಾದರೆ ಬೇಟೆ ಬಿಟ್ಟು ಕೆಳಗಿಳಿಯಿರಿ. ಸಂಜೆ ನಾಲ್ಕಕ್ಕೆ ಸಣ್ಣ ಚೀಲದಲ್ಲಿ ಒಂದು ಲೀಟರ್ ನೀರು, ಮಳೆ ಅಂಗಿ, ತಲೆದೀಪ, ನಕ್ಷೆ, ಚಾಕು, ಬಟ್ಟೆಚೀಲ ಇಷ್ಟೇ ಇಟ್ಟುಕೊಂಡು ಹೊರಡಿ. ಈಗ ಕೋವಿ ಸೇರಿ ಹೊರೆ ಐದು ಕೆಜಿ ಒಳಗೆ. ಭಾನುವಾರ ಬೆಳಿಗ್ಗೆ ಇನ್ನೊಂದು ಸುತ್ತು, ಹನ್ನೊಂದಕ್ಕೆ ಡೇರೆ ಬಿಚ್ಚಿ ಇಳಿಯುವುದು. ಎರಡು ದಿನದಲ್ಲಿ ಎರಡೇ ಸುತ್ತು ಬೇಟೆ. ಮೂರನೆಯದನ್ನು ತುರುಕಲು ಹೋದವರು ಕತ್ತಲಲ್ಲಿ ಇಳಿಯುತ್ತಾರೆ.

ಡೇರೆಯ ಜಾಗ ನೋಡುವಾಗ ಕತ್ತು ಎತ್ತಿ ಮೇಲೆ ನೋಡಿ. ಫ್ಲ್ಯಾಟ್ ಟಾಪ್ಸ್‌ನ ಸ್ಪ್ರೂಸ್ ಕಾಡು 1940ರ ದಶಕದಲ್ಲೇ ತೊಗಟೆ ದುಂಬಿಗೆ ತುತ್ತಾಗಿ ದೊಡ್ಡ ಪ್ರಮಾಣದಲ್ಲಿ ಸತ್ತಿತ್ತು, ಇತ್ತೀಚೆಗೂ ಸತ್ತಿದೆ. ಒಣಗಿ ನಿಂತ ಮರ ರಾತ್ರಿಯ ಒಂದು ಗಾಳಿಗೆ ಸದ್ದಿಲ್ಲದೆ ಮಲಗುತ್ತದೆ. ಡೇರೆ ನೀರಿನಿಂದ ಕನಿಷ್ಠ 60 ಮೀಟರ್ ದೂರವಿರಲಿ. ಡೇರೆ, ಕಟ್ಟಡ ಅಥವಾ ಜನರಿರುವ ಜಾಗದಿಂದ 150 ಗಜದೊಳಗೆ ಈಡು ಹೊಡೆಯುವುದು ರಾಷ್ಟ್ರೀಯ ಅರಣ್ಯದಲ್ಲಿ ನಿಷಿದ್ಧ. ಆ ಡೇರೆ ನಿಮ್ಮದೇ ಆದರೂ ಅಷ್ಟೇ. ಕ್ಯಾಂಪಿನ ಎದುರಿಗೇ ಹಕ್ಕಿ ಬಂದು ಕೂತರೆ ಟೀ ಕುಡಿಯುತ್ತಾ ನೋಡಬಹುದು.

ಯಾವ ಕೋವಿ ಎನ್ನುವುದಕ್ಕೆ ಮಲೆನಾಡಿನವರ ಬಾಯಲ್ಲಿ ಸಿದ್ಧ ಉತ್ತರ ಇದೆ: ಪಾಯಿಂಟ್ ಟೂ ಟೂ, ಅಂದರೆ .22 ಅಳತೆಯ ಸಣ್ಣ ಗುಂಡಿನ ರೈಫಲ್. ಚಾರಣಕ್ಕೆ ಅದೇ ಸರಿ, ಆದರೆ ಎರಡು ತುಂಡಾಗುವ ಮಾದರಿ ಬೇಕು. ರೂಗರ್ 10/22 ಟೇಕ್‌ಡೌನ್ ಎರಡು ಕೆಜಿ ಚಿಲ್ಲರೆ. ಹೆನ್ರಿ ಎಆರ್-7 ಸುಮಾರು 1.6 ಕೆಜಿ, ನಳಿಕೆ ಸಮೇತ ತನ್ನ ಹಿಡಿಯೊಳಗೇ ಸೇರಿಕೊಳ್ಳುತ್ತದೆ. ಗುರಿಯ ನಿಖರತೆಯಲ್ಲಿ ಮಾತ್ರ ರೂಗರ್‌ಗಿಂತ ಹಿಂದೆ. ಐವತ್ತು ತೋಟೆಯ ಡಬ್ಬಿ 170 ಗ್ರಾಂ. ಅದೇ 20 ಗೇಜಿನ ಚರೆ ತೋಟೆಯಾದರೆ (ಒಂದೇ ಗುಂಡಿನ ಬದಲು ಸಣ್ಣ ಚರೆಗಳು ತುಂಬಿದ್ದು) ಹನ್ನೆರಡಕ್ಕೇ ಅದರ ಎರಡು ಪಟ್ಟು ಮೀರುತ್ತದೆ.

ಬಿಚ್ಚುವ ಕೋವಿಯಲ್ಲಿ ಎರಡು ತೊಂದರೆ. ಮೊದಲನೆಯದು ಗುರಿ ಕದಲುವುದು. 10/22ನಲ್ಲಿ ಗುರಿ ನೋಡುವ ಕಬ್ಬಿಣದ ಮೊನೆಗಳು, ಹಿಂದಿನದು ಮುಂದಿನದು ಎರಡೂ, ನಳಿಕೆಯ ಮೇಲೇ ಇವೆ. ಎಷ್ಟು ಸಲ ಬಿಚ್ಚಿ ಕೂಡಿಸಿದರೂ ಅವುಗಳ ನಡುವಿನ ಸಂಬಂಧ ಕೆಡುವುದಿಲ್ಲ. ಗುರಿ ನೋಡುವ ದುರ್ಬೀನು ಕೂರಿಸುವುದು ಮಾತ್ರ ಕೋವಿಯ ಹಿಂದಿನ ತುಂಡಿನ ಮೇಲೆ. ನಳಿಕೆ ಕೂದಲೆಳೆಯಷ್ಟು ಓರೆ ಕೂತರೂ ಗುಂಡು ಬೇರೆ ಕಡೆ ಹೋಗುತ್ತದೆ. ನಳಿಕೆ ಕೂಡುವ ಕಡೆ ಬಿಗಿ ಹೊಂದಿಸುವ ಉಂಗುರವೊಂದಿದೆ. ಕೂಡಿಸಿದ ಮೇಲೆ ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಕಟಕಟ ಎಂದರೆ ಉಂಗುರ ಒಂದು ಹಲ್ಲು ಬಿಗಿಯಾಗಬೇಕು. ಎರಡನೆಯದು ಕಸ. ಚೀಲದ ತಳದ ಮರಳು, ಸೂಜಿ ಎಲೆ ನಳಿಕೆಯ ಬಾಯಿಗೆ ಹೊಕ್ಕುತ್ತವೆ. ಬಾಯಿಗೆ ಒಂದು ಸುತ್ತು ಇನ್ಸುಲೇಷನ್ ಟೇಪು ಹಚ್ಚಿ ಒಯ್ಯಿರಿ. ಕೂಡಿಸುವ ಮೊದಲು ಟೇಪು ತೆಗೆದು, ನಳಿಕೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ಕಣ್ಣಿಟ್ಟು ನೋಡಿ. ಆಚೆ ತುದಿಯಲ್ಲಿ ದುಂಡನೆಯ ಬೆಳಕು ಪೂರ್ತಿ ಕಾಣಬೇಕು. ಅರ್ಧಚಂದ್ರ ಕಂಡರೆ ಒಳಗೆ ಏನೋ ಇದೆ; ಹಾಗೇ ಹೊಡೆದರೆ ನಳಿಕೆ ಉಬ್ಬೀತು, ಸಿಡಿದೂ ಹೋದೀತು.

ಈಡಿನ ದೂರ 25 ಗಜ, ಅದಕ್ಕಿಂತ ಹೆಚ್ಚು ಬೇಡ. ಹಕ್ಕಿಯ ತಲೆಗೇ ಹೊಡೆಯಬೇಕು. ಎದೆಗೆ ಬಿದ್ದರೆ ತಿನ್ನುವ ಮಾಂಸವೇ ಹಾಳು. ಮನೆಯಲ್ಲಿದ್ದಾಗಲೇ ಒಂದು ಅಂಗುಲದ ವೃತ್ತ ಬರೆದು, 25 ಗಜದಿಂದ ಮಂಡಿಯೂರಿ ಐದಕ್ಕೆ ಐದೂ ಒಳಗೆ ಬೀಳುವವರೆಗೆ ಅಭ್ಯಾಸ ಮಾಡಿ. ನಾಲ್ಕೇ ಬಿದ್ದರೆ ಕಾಡಿನಲ್ಲಿ ನಿಮ್ಮ ದೂರ 15 ಗಜ. ಗ್ರೌಸ್ ಅಷ್ಟು ಹತ್ತಿರ ಬಿಟ್ಟುಕೊಡುತ್ತದೆ. ಆದರೆ ಎಬ್ಬಿಸಿದಾಗ ಹಾರಿ ಹತ್ತಿರದ ಮರದ ಕೊಂಬೆಯಲ್ಲಿ ಕೂರುವ ಚಾಳಿ ಅದಕ್ಕಿದೆ, ಅಪಾಯ ಇರುವುದೂ ಅಲ್ಲೇ. ಹಿಂದೆ ಬರೀ ಆಕಾಶ ಇದ್ದರೆ ಪಾಯಿಂಟ್ ಟೂ ಟೂ ಹೊಡೆಯುವಂತಿಲ್ಲ. ಆ ಪುಟ್ಟ ಗುಂಡು ಎರಡು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬಲ್ಲದು, ಕಣಿವೆಯ ಆಚೆ ಇನ್ಯಾರದೋ ಡೇರೆ ಇದ್ದೀತು. ಹಕ್ಕಿಯ ಹಿಂದೆ ದಪ್ಪ ಕಾಂಡವೋ ಗುಡ್ಡದ ಮಣ್ಣೋ ಬರುವ ಹಾಗೆ ಸುತ್ತಿ ಬಂದು ನಿಲ್ಲಿ. ಅಂಥ ಜಾಗ ಸಿಗದಿದ್ದರೆ ಆ ಹಕ್ಕಿಯನ್ನು ಬಿಟ್ಟುಬಿಡಿ. ಮರದಲ್ಲಿ ಕೂತ ಹಕ್ಕಿಯನ್ನೇ ಹೊಡೆಯುವ ಇರಾದೆ ಇದ್ದರೆ ತೂಕವಾದರೂ ಚರೆ ಕೋವಿಯನ್ನೇ ಹೊರಬೇಕು.

ಸೆಪ್ಟೆಂಬರ್‌ನಲ್ಲಿ ಅದೇ ಕಾಡಿನಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಬಿಲ್ಲುಗಾರರೂ ಇರುತ್ತಾರೆ. ಅವರು ಮೂರು ಗಂಟೆ ಉಸಿರು ಬಿಗಿಹಿಡಿದು ಕಾದ ಜಾಗದಲ್ಲಿ ನಿಮ್ಮ ಒಂದು ಢಂ ಸಾಕು. ಯಾರಾದರೂ ಕಂಡರೆ ಆ ಕಣಿವೆ ಬಿಟ್ಟು ಬೇರೆ ಕಡೆ ಹೋಗುವುದೇ ಮರ್ಯಾದೆ. ದೊಡ್ಡ ಪ್ರಾಣಿಗಳನ್ನು ರೈಫಲ್‌ನಿಂದ ಬೇಟೆಯಾಡುವವರು ಸೊಂಟದ ಮೇಲೆ 500 ಚದರ ಅಂಗುಲ ಕಿತ್ತಳೆ ಅಥವಾ ಗುಲಾಬಿ ಹೊಳಪು ಬಣ್ಣ ತೊಡಬೇಕೆಂಬ ನಿಯಮ ಇದೆ. ಸಣ್ಣ ಬೇಟೆಗೆ ಕಡ್ಡಾಯವಲ್ಲ. ಆದರೂ ತೊಡಿ. ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗೆ ನಡೆಯುತ್ತಿದ್ದರೆ ಅವರಿಗೂ ತೊಡಿಸಿ, ಕೋವಿ ಮಾತ್ರ ಅವರ ಕೈಗೆ ಕೊಡಬೇಡಿ. ಪ್ರವಾಸಿ ವೀಸಾಕ್ಕೂ ಮೇಲೆ ಹೇಳಿದ ಕಾನೂನೇ.

ಹಕ್ಕಿ ಬಿದ್ದ ಮೇಲೆ ಮಾಂಸದ ಬಿಸಿ ಇಳಿಸುವುದೇ ಮೊದಲ ಕೆಲಸ. ಗ್ರೌಸ್ ಬೆಚ್ಚಗಿರುವಾಗಲೇ ಅಂಗಾತ ಮಲಗಿಸಿ, ಎರಡು ರೆಕ್ಕೆಗಳ ಮೇಲೂ ಮೈಗೆ ತಾಗುವಷ್ಟು ಹತ್ತಿರಕ್ಕೆ ಕಾಲಿಟ್ಟು ನಿಂತು, ಹಕ್ಕಿಯ ಎರಡೂ ಕಾಲು ಹಿಡಿದು ನಿಧಾನವಾಗಿ, ಬಿಡದೆ ಮೇಲಕ್ಕೆ ಎಳೆದರೆ ಎದೆ ಭಾಗ ರೆಕ್ಕೆಗಳ ಜೊತೆ ಕೆಳಗುಳಿದು, ಕರುಳು ಬೆನ್ನು ಕಾಲು ಕೈಗೆ ಬರುತ್ತವೆ. ಚಾಕುವೇ ಬೇಡ. ರೆಕ್ಕೆಯ ತುದಿಯಲ್ಲಿ ನಿಂತರೆ ರೆಕ್ಕೆ ಕೀಳುತ್ತದೆ, ಜಗ್ಗಿದರೆ ಕಾಲು ಕೀಳುತ್ತದೆ. ತಣ್ಣಗಾದ ಹಕ್ಕಿಯಲ್ಲಿ ಇದು ಸಲೀಸಾಗಿ ನಡೆಯುವುದೂ ಇಲ್ಲ. ತೊಡೆ ಎಸೆಯಬೇಡಿ, ತಿನ್ನುವ ಮಾಂಸ ವ್ಯರ್ಥ ಮಾಡುವುದು ಅಲ್ಲಿ ಕಾನೂನಿಗೂ ವಿರುದ್ಧ. ಎದೆಗೆ ಒಂದು ರೆಕ್ಕೆ ಗರಿ ಸಮೇತ ಅಂಟಿಕೊಂಡೇ ಇರಲಿ, ದಾರಿಯಲ್ಲಿ ಅಧಿಕಾರಿ ತಡೆದರೆ ಯಾವ ಹಕ್ಕಿ ಎಂದು ತೋರಿಸಬಹುದು. ಕೊರಳ ಬುಡದ ಮೇವಿನ ಚೀಲವನ್ನು ತಪ್ಪದೆ ಸೀಳಿ ನೋಡಿ. ಒಳಗೆ ಕೆಂಪು ಹಣ್ಣು ಇದ್ದರೆ ಮುಂದಿನ ಹಕ್ಕಿ ಹಣ್ಣಿನ ಪೊದೆಯಲ್ಲಿ, ಮಿಡತೆ ಇದ್ದರೆ ಹುಲ್ಲಿನಲ್ಲಿ, ಸೂಜಿ ಎಲೆ ಇದ್ದರೆ ಮೇಲಿನ ಫರ್ ಕಾಡಿನಲ್ಲಿ. ಯಾವ ಪುಸ್ತಕವೂ ಇಷ್ಟು ನೇರವಾಗಿ ಹೇಳುವುದಿಲ್ಲ.

ಮಾಂಸವನ್ನು ನೆರಳಲ್ಲಿ ಕೊಂಬೆಗೆ ಅರ್ಧ ಗಂಟೆ ತೂಗುಹಾಕಿ, ತಣಿದ ಮೇಲೆ ಹತ್ತಿ ಬಟ್ಟೆಯ ಚೀಲಕ್ಕೆ. ಪ್ಲಾಸ್ಟಿಕ್ ಕವರಿಗೆ ಬಿಸಿಯಾಗಿ ತುಂಬಿದರೆ ಬೆವತು, ಸಂಜೆಯೊಳಗೆ ಹುಳಿವಾಸನೆ ಹಿಡಿಯುತ್ತದೆ. ಜಿಪ್ ಕವರು ಏನಿದ್ದರೂ ಪೂರ್ತಿ ತಣ್ಣಗಾದ ಮೇಲೆ. ಕರುಳು ಗರಿಗಳನ್ನು ದಾರಿ, ನೀರು, ಡೇರೆಗಳಿಂದ ದೂರ ಒಯ್ದು ಹಾಕಿ. ರಾತ್ರಿ ಮಾಂಸ, ಊಟ, ಟೂತ್‌ಪೇಸ್ಟ್ ಎಲ್ಲವೂ ಕರಡಿ ಡಬ್ಬಿಯಲ್ಲಿ, ಡೇರೆಯಿಂದ ನೂರು ಹೆಜ್ಜೆ ದೂರ. ಅಡುಗೆಯೂ ಅಲ್ಲೇ. ರಕ್ತ ತಾಗಿದ ಪ್ಯಾಂಟು ಹಾಕಿಕೊಂಡೇ ಡೇರೆಯೊಳಗೆ ಮಲಗುವವರಿಗೆ ಡಬ್ಬಿಯಿಂದ ಏನೂ ಪ್ರಯೋಜನ ಇಲ್ಲ.

ಅಡುಗೆಯಲ್ಲಿ ಎತ್ತರದ ಆಟ ಬೇರೆ. 3,000 ಮೀಟರ್‌ನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಅರೆಬೆಂದು ಕಾಳುಕಾಳಾಗಿ ಉಳಿಯುತ್ತದೆ, ಬೇಳೆಯಂತೂ ಬೇಗ ಬೇಯುವುದೇ ಇಲ್ಲ. ಅವಲಕ್ಕಿ, ಹುರಿದ ರವೆ, ಮನೆಯಲ್ಲೇ ಬೇಯಿಸಿ ಒಣಗಿಸಿದ ಅನ್ನ, ಇವೇ ಸರಿ. ಕಾಡಿನ ಮಾಂಸದಲ್ಲಿ ಕೊಬ್ಬು ಇರುವುದಿಲ್ಲ, ಒಣ ಬಾಣಲೆಗೆ ಹಾಕಿದರೆ ಚರ್ಮದ ಚಪ್ಪಲಿ. 100 ಗ್ರಾಂ ತುಪ್ಪ ಒಯ್ಯಿರಿ. ಸುಮಾರು 900 ಕ್ಯಾಲರಿಗೆ ಅಷ್ಟು ಹಗುರವಾದ ಪದಾರ್ಥ, ಎಣ್ಣೆ ಬಿಟ್ಟರೆ, ಇನ್ನೊಂದು ಇಲ್ಲ. ಎದೆಯನ್ನು ಎಳೆಗೆ ಅಡ್ಡಲಾಗಿ ಎರಡು ಸೆಂಟಿಮೀಟರ್ ತುಂಡು ಮಾಡಿ, ಎರಡು ಚಮಚ ತುಪ್ಪದಲ್ಲಿ ಉಪ್ಪು, ಅರಿಶಿನ, ಕರಿಮೆಣಸು ಹಾಕಿ ಎಂಟು ಹತ್ತು ನಿಮಿಷ ಹುರಿದರೆ ಸಾಕು. ಕೊಡಗಿನವರು ಜೊತೆಗಿದ್ದರೆ ಕಾಚಂಪುಳಿ ಎಂಬ ಕಪ್ಪು ಹುಳಿರಸದ ಪುಟ್ಟ ಸೀಸೆಯೂ ಚೀಲದಲ್ಲಿ ಇದ್ದೇ ಇರುತ್ತದೆ, ಎರಡು ತೊಟ್ಟು ಬಿಡಿ. ಬಿದ್ದ ಹಕ್ಕಿಯನ್ನು ಒಂದು ಗಂಟೆಯೊಳಗೆ ಬೇಯಿಸಿ, ಇಲ್ಲವೇ ಮರುದಿನಕ್ಕೆ ಬಿಡಿ. ನಡುವೆ ಸ್ನಾಯು ಸೆಟೆದುಕೊಂಡು ಅಗಿಯಲು ಬಾರದು. ಮೊಲದ ತೊಡೆಯನ್ನು ಕಾಡಿನಲ್ಲಿ ಬೇಯಿಸಲು ಕೂರಬೇಡಿ, ಎರಡು ಗಂಟೆ ಕುದಿಸುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ಅದು ಮನೆಯ ಕುಕ್ಕರಿಗೆ, ನಾಲ್ಕೈದು ಸೀಟಿಗೆ. ಸೌದೆ ಬೆಂಕಿಯನ್ನು ನೆಚ್ಚಬೇಡಿ, ಸೆಪ್ಟೆಂಬರ್‌ನಲ್ಲಿ ಬೆಂಕಿ ನಿಷೇಧ ಸಾಮಾನ್ಯ.

ಕಾರಿನಲ್ಲಿ ಒಂದು ತಂಪು ಪೆಟ್ಟಿಗೆ, ಅದರಲ್ಲಿ ನೀರು ತುಂಬಿ ಗಟ್ಟಿಯಾಗಿಸಿದ ಎರಡು ಲೀಟರ್ ಬಾಟಲಿಗಳು ಮೂರು. ಬಿಡಿ ಐಸ್ ಕರಗಿದ ನೀರಿನಲ್ಲಿ ಮಾಂಸ ನೆನೆಯುತ್ತದೆ, ಬಾಟಲಿಯಲ್ಲಿ ಆ ತಾಪತ್ರಯ ಇಲ್ಲ. ಕಾರಿನ ಬಾಗಿಲು ಲಾಕ್ ಮಾಡಿ. ಬರೀ ಮುಚ್ಚಿದ ಬಾಗಿಲ ಹಿಡಿಯನ್ನು ಎಳೆದು ತೆಗೆಯಲು ಕೊಲರಾಡೊದ ಕರಡಿಗೆ ಬರುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಹೋಟೆಲಿಗೆ ಇಳಿಯುವುದಾದರೆ ಕೋವಿ ಬೀಗದ ಪೆಟ್ಟಿಗೆಯಲ್ಲಿ, ಕಣ್ಣಿಗೆ ಬೀಳದಂತೆ ಇರಬೇಕು. 2025ರಿಂದ ಅಲ್ಲಿ ಅದು ಕಾನೂನು.

ಕೊನೆಗೆ ಮೊಲ. ಮೊಲದ ಜ್ವರ ಎಂದೇ ಕರೆಯುವ ಟುಲರೀಮಿಯಾ ಗಾಯದ ಮೂಲಕ, ಉಣುಗಿನ (ರಕ್ತ ಹೀರುವ ಹುಳ) ಮೂಲಕ, ಅರೆಬೆಂದ ಮಾಂಸದ ಮೂಲಕ ಬರುತ್ತದೆ. ಎರಡು ಮೂರು ಗಟ್ಟಿ ಹಿಮ ಬಿದ್ದ ಮೇಲೆ ಉಣುಗು ಕಡಿಮೆಯಾಗುವುದರಿಂದ ನವೆಂಬರ್‌ವರೆಗೆ ಕಾಯುವುದು ಜಾಣತನ. ಮಂಕಾಗಿ ಕೂತ, ಓಡದ ಮೊಲವನ್ನು ಹೊಡೆಯಬೇಡಿ; ಸತ್ತು ಬಿದ್ದದ್ದನ್ನು ಮುಟ್ಟಬೇಡಿ. ಸುಲಿಯುವಾಗ ನೈಟ್ರೈಲ್ ಕೈಗವಸು ಕಡ್ಡಾಯ. ಬೆನ್ನಿನ ನಡುವೆ ಚರ್ಮಕ್ಕೆ ಸಣ್ಣ ಗೀರು ಹಾಕಿ, ಎರಡೂ ಕಡೆಯಿಂದ ಬೆರಳು ತೂರಿಸಿ ಎಳೆದರೆ ಅಂಗಿ ಬಿಚ್ಚಿದ ಹಾಗೆ ಬರುತ್ತದೆ. ಹೊಟ್ಟೆ ಸೀಳುವಾಗ ಚಾಕುವಿನ ಬಾಯಿ ಮೇಲ್ಮುಖವಾಗಿರಲಿ, ಕರುಳಿಗೆ ತಾಗಬಾರದು. ಈಲಿಯನ್ನು (ಲಿವರ್) ಬೆಳಕಿಗೆ ಹಿಡಿದು ನೋಡಿ: ಗುಂಡುಸೂಜಿಯ ತಲೆಯಷ್ಟು ಬಿಳಿ ಚುಕ್ಕೆಗಳು ಹರಡಿದ್ದರೆ ಆ ಮೊಲ ತಿನ್ನಲಿಕ್ಕಲ್ಲ, ನಾಯಿಗೂ ಬೇಡ. ಚೆನ್ನಾಗಿದ್ದರೂ ಒಳಗೆ 74 ಡಿಗ್ರಿ ಮುಟ್ಟುವವರೆಗೆ ಬೇಯಿಸಲೇಬೇಕು. ಮನೆಗೆ ಬಂದ ಎರಡು ವಾರದೊಳಗೆ ಜ್ವರ, ಕಂಕುಳಲ್ಲಿ ಗಡ್ಡೆ, ಬೆರಳಲ್ಲಿ ವಾಸಿಯಾಗದ ಹುಣ್ಣು ಕಾಣಿಸಿಕೊಂಡರೆ ಡಾಕ್ಟರ ಹತ್ತಿರ ಹೋಗಿ ಮೊದಲ ವಾಕ್ಯದಲ್ಲೇ ಮೊಲ ಸುಲಿದ ವಿಷಯ ಹೇಳಿ. ಆ್ಯಂಟಿಬಯಾಟಿಕ್‌ಗೆ ಬಗ್ಗುವ ಕಾಯಿಲೆ ಅದು, ಆದರೆ ನೀವಾಗಿ ಹೇಳದಿದ್ದರೆ ಆಫೀಸು ಕೆಲಸದವರಲ್ಲಿ ಅದನ್ನು ಹುಡುಕುವ ಯೋಚನೆ ಯಾವ ಡಾಕ್ಟರಿಗೂ ಸುಲಭಕ್ಕೆ ಬರುವುದಿಲ್ಲ.

ಇಂತಿ,
ಕನ್ನಡಿಗ ಚಾರಣಿಗರು, ಡೆನ್ವರ್, ಕೊಲರಾಡೊ